ಎಣ್ಣೆ ಜಾಸ್ತಿ ಇರುವ ಶ್ರೀಗಂಧವನ್ನೇ ಆರಿಸಿ ಬೆಳೆಸಬೇಕಾ?

ಪರ

ತೆಂಗಿನ ಸಸಿ ತರುವಾಗ ತಾಯಿಮರ ಯಾವುದು ಅಂತ ಕೇಳುತ್ತೇವೆ. ಮಾವಿನ ಕಸಿಗೂ ಕೇಳುತ್ತೇವೆ. ಶ್ರೀಗಂಧಕ್ಕೆ ಮಾತ್ರ ಸುಮ್ನೆ ಕವರ್ ಎಣಿಸಿ ಗಾಡಿಗೆ ತುಂಬಿಕೊಂಡು ಬರುತ್ತೇವೆ. ಆಮೇಲೆ ಹದಿನೈದು ಇಪ್ಪತ್ತು ವರ್ಷ ನೀರು, ಬೇಲಿ, ನಾಯಿ, ರಾತ್ರಿ ಕಾವಲು ಎಲ್ಲ ಮುಗಿಸಿ ಕಡಿದರೆ ಒಂದು ಮರದಲ್ಲಿ ತೋಳಿನ ದಪ್ಪ ಚೇಗು (ಕಾಂಡದ ನಡುವೆ ಇರುವ, ಎಣ್ಣೆ ತುಂಬಿದ ಗಟ್ಟಿ ತಿರುಳು), ಪಕ್ಕದ್ದರಲ್ಲಿ ಹೆಬ್ಬೆರಳಿನಷ್ಟು. ಮಣ್ಣು ಒಂದೇ, ನೀರೂ ಒಂದೇ. ಹಾಗಾದರೆ ಬೀಜದಲ್ಲೂ ಏನೋ ಇದೆ, ಅಲ್ವಾ?

ಕಾಡಿನಲ್ಲಿ ಆಯ್ಕೆ ಆಗಲೇ ನಡೆದಿದೆ, ಆದರೆ ಉಲ್ಟಾ. ಕಳ್ಳರು ದಪ್ಪ ಚೇಗಿನ ಮರಗಳನ್ನೇ ಹುಡುಕಿ ಕಡಿದರು. ಉಳಿದ ಸಣಕಲು ಮರಗಳು ಬೀಜ ಬಿಟ್ಟವು. 2001ರ ಕಾನೂನು ತಿದ್ದುಪಡಿ ಬಂದ ಮೇಲೆ ಜಮೀನಿನಲ್ಲಿ ಬೆಳೆದ ಗಂಧ ರೈತನದೇ. ಇನ್ನಾದರೂ ಒಳ್ಳೆ ಮರ ಹುಡುಕೋಣ. ಅದಕ್ಕೆ ಮರ ಕಡಿಯಬೇಕಾಗಿಲ್ಲ. ಎದೆಮಟ್ಟದಲ್ಲಿ ಟೊಳ್ಳು ಬೈರಿಗೆ ಹಾಕಿ ಪೆನ್ಸಿಲ್‌ನಂಥ ಒಂದು ತುಂಡು ತೆಗೆದರೆ ಚೇಗು ಎಷ್ಟಿದೆ, ಎಣ್ಣೆ ಎಷ್ಟಿದೆ, ಅದರಲ್ಲಿ ಪರಿಮಳ ಕೊಡುವ ಮುಖ್ಯ ಅಂಶವಾದ ಸ್ಯಾಂಟಲಾಲ್ ಎಷ್ಟು ಎಂದು ತಿಳಿಯುತ್ತದೆ. ನಮ್ಮದೇ ಜಾತಿಯ ಗಂಧವನ್ನು ಆಸ್ಟ್ರೇಲಿಯಾದವರು ತಮ್ಮ ಕನನರಾ ಎಂಬ ಊರಿನಲ್ಲಿ ಸಾಲುಸಾಲಾಗಿ ಬೆಳೆಸಿದ್ದಾರೆ. ನಾವಿನ್ನೂ ಅದೃಷ್ಟ ನಂಬಿ ಕೂತಿದ್ದೇವೆ.

ವಿರೋಧ

ಮೊದಲು ಲೆಕ್ಕ ಹಾಕಿ. ಒಂದು ಮರದಲ್ಲಿ 10 ಕೆಜಿ ಚೇಗು, ಎಣ್ಣೆ ಶೇ 4 ಅಂದುಕೊಳ್ಳಿ: 400 ಗ್ರಾಂ. ಇನ್ನೊಂದರಲ್ಲಿ 20 ಕೆಜಿ, ಶೇ 3: 600 ಗ್ರಾಂ. ಬರೀ ಶೇಕಡಾವಾರು ನೋಡಿ ಆರಿಸಿದರೆ ಸೋತಿರಿ. ಅದೂ ಅಲ್ಲದೆ ಗಂಧ ಅರೆ ಪರಾವಲಂಬಿ. ಬೇರು ಹೋಗಿ ಪಕ್ಕದ ತೊಗರಿಯನ್ನೋ ಹೊಂಗೆಯನ್ನೋ ಹಿಡಿದು ಹೀರುತ್ತದೆ. ಆಸರೆ ಗಿಡವನ್ನೇ ನೆಡದವನಿಗೆ ಯಾವ ತಳಿ ಕೊಟ್ಟರೇನು?

ನನ್ನ ದೊಡ್ಡ ಭಯ ರೋಗದ್ದು. ಸ್ಪೈಕ್ ರೋಗವನ್ನು ಕೊಡಗಿನಲ್ಲಿ ಗುರುತಿಸಿದ್ದು 1899ರಲ್ಲಿ. ಎಲೆ ಚಿಕ್ಕದಾಗುತ್ತಾ, ಕೊಂಬೆ ಮುಳ್ಳಿನ ಪೊದೆಯಂತಾಗಿ ಮರವೇ ಒಣಗುತ್ತದೆ. ಇವತ್ತಿಗೂ ಖಚಿತ ಮದ್ದಿಲ್ಲ. ಒಂದೇ ತಾಯಿಮರದ ಕಸಿಗಳನ್ನೇ ತೋಟದ ತುಂಬ ನೆಟ್ಟಿದ್ದು, ಆ ತಾಯಿಗೆ ತಡೆಯುವ ಶಕ್ತಿ ಇಲ್ಲದಿದ್ದರೆ, ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ.

ಇನ್ನು ಕಾಲ. ಚೇಗು ಕಟ್ಟಲು ಶುರುವಾಗುವುದಕ್ಕೇ ಸುಮಾರು ಹತ್ತು ವರ್ಷ ಬೇಕು. ತಾಯಿಯ ಗುಣ ಮಕ್ಕಳಿಗೆ ಬಂತಾ ಎಂದು ನೋಡಿ, ಆರಿಸಿ, ಅವುಗಳ ಮಕ್ಕಳನ್ನೂ ನೋಡುವಷ್ಟರಲ್ಲಿ ವಿಜ್ಞಾನಿ ನಿವೃತ್ತನಾಗಿರುತ್ತಾನೆ. ಅಲ್ಲಿಯವರೆಗೆ ಕಾಯುವ ವ್ಯಾಪಾರಿ ಯಾರಿದ್ದಾರೆ? ‘ಹೆಚ್ಚು ಎಣ್ಣೆಯ ತಳಿ’ ಅಂತ ಬೋರ್ಡ್ ಹಾಕಿ ನಾಲ್ಕು ಪಟ್ಟು ರೇಟಿಗೆ ಮಾರುತ್ತಾರೆ. ಸಸಿ ನೋಡಿದರೆ ಎಲ್ಲ ಒಂದೇ ಥರ ಇರುತ್ತವೆ. ಹದಿನೈದು ವರ್ಷದ ಮೇಲೆ ಜಗಳಕ್ಕೆ ಹೋದರೆ ಆ ಜಾಗದಲ್ಲಿ ಲೇಔಟ್ ಎದ್ದಿರುತ್ತದೆ.