ಗೂಡು ಕಟ್ಟುವ ಕಾಲಕ್ಕೆ ಕಾಡಿನ ಕಾಲುದಾರಿ ಮುಚ್ಚಬೇಕೇ?

ಪರ: ಮುಚ್ಚಬೇಕು, ಅದೂ ಪೂರ್ತಿಯಾಗಿ

ದಾರಿ ಇರುವುದೇ ಎರಡಡಿ ಅಗಲ, ಅದರಲ್ಲಿ ನಾಲ್ಕು ಜನ ನಡೆದುಹೋದರೆ ಕಾಡಿಗೇನು ನಷ್ಟ ಎಂದು ಕೇಳುವವರು ಮಣ್ಣಿನ ಪಟ್ಟಿಯನ್ನಷ್ಟೇ ಅಳೆಯುತ್ತಾರೆ. ಹಕ್ಕಿಗೆ ಲೆಕ್ಕಕ್ಕೆ ಬರುವುದು ಮನುಷ್ಯ ಕಣ್ಣಿಗೆ ಬೀಳುವ ದೂರ. ದಾರಿಯ ಎರಡೂ ಬದಿಗೆ 50 ಮೀಟರ್‌ವರೆಗೆ ಹಕ್ಕಿಗಳು ಬೆದರುತ್ತವೆ ಎಂದಿಟ್ಟುಕೊಳ್ಳಿ. ಪೊದೆ ದಟ್ಟವಾಗಿದ್ದಲ್ಲಿ ಇದು ಕಡಿಮೆ, ಬಯಲಲ್ಲಿ ಹೆಚ್ಚು. ಆ ಪ್ರಕಾರ ಒಂದು ಕಿಲೋಮೀಟರ್ ದಾರಿ 10 ಹೆಕ್ಟೇರ್ ನೆಲದ ನೆಮ್ಮದಿ ಕೆಡಿಸುತ್ತದೆ. 80 ಹೆಕ್ಟೇರಿನ ಪುಟ್ಟ ಕಾಡಿನಲ್ಲಿ 4 ಕಿಲೋಮೀಟರ್ ದಾರಿ ಸುತ್ತಾಡಿದರೆ ಅರ್ಧ ಕಾಡು ಹೋದಂತೆಯೇ. ವರ್ಷದ ಉಳಿದ ತಿಂಗಳುಗಳಲ್ಲಿ ಹಕ್ಕಿಗಳು ಇದನ್ನು ಹೇಗೋ ಸಹಿಸುತ್ತವೆ, ಎದ್ದು ಹೋಗಿ ಬೇರೆಡೆ ಕೂರುತ್ತವೆ. ಮೊಟ್ಟೆಯಿಟ್ಟ ಮೇಲೆ ಅವು ಹೋಗುವುದಾದರೂ ಎಲ್ಲಿಗೆ?

ಟಿಟ್ಟಿಭವನ್ನೇ ನೋಡಿ. ಅದರ ಗೂಡೆಂದರೆ ಹರಳುಕಲ್ಲುಗಳ ನಡುವೆ ಕೆದರಿದ ಒಂದು ತಗ್ಗು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ಮೂರು ಹೆಜ್ಜೆ ದೂರದಿಂದಲೂ ಗುರುತು ಸಿಗದು. ಕಾವಿನ ಅವಧಿ ಸುಮಾರು ನಾಲ್ಕು ವಾರ. ಜನ ಬರುತ್ತಿದ್ದಂತೆ ಹಕ್ಕಿ ಸದ್ದಿಲ್ಲದೆ ಎದ್ದು ಒಂದಷ್ಟು ದೂರ ನಡೆದುಹೋಗಿ ಆಮೇಲೆ ಕಿರುಚತೊಡಗುತ್ತದೆ. ಅದನ್ನು ಕೇಳಿ ಜನ ನಿಲ್ಲುತ್ತಾರೆ, ಮೊಬೈಲ್ ತೆಗೆಯುತ್ತಾರೆ. ಅವರು ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ. ಉರಿಬಿಸಿಲಲ್ಲಿ ತಾಯಿ ಮೊಟ್ಟೆಗಳ ಮೇಲೆ ನಿಲ್ಲುವುದು ನೆರಳು ಕೊಡಲು. ಆ ನೆರಳು ತಪ್ಪಿದರೆ ಒಳಗಿನ ಭ್ರೂಣ ಬೆಂದುಹೋಗುತ್ತದೆ. ಬಿಸಿಲಿಗೆ ಉಳಿದದ್ದನ್ನು ಕಾಗೆ ಹುಡುಕುತ್ತದೆ. ಯಾರೂ ಕಲ್ಲೆಸೆದಿಲ್ಲ, ಕಸ ಬಿಸಾಡಿಲ್ಲ, ಆದರೂ ಒಂದು ಸಂಸಾರ ಮುಗಿಯಿತು.

ಮುಚ್ಚುವುದಕ್ಕೂ ಕ್ರಮವಿದೆ. ಮೊದಲ ಮೊಟ್ಟೆ ಕಂಡ ದಿನ ಮುಚ್ಚಿದರೆ ತಡವಾಯಿತು. ಜೋಡಿಗಳು ಜಾಗ ನೋಡುತ್ತಿರುವಾಗಲೇ, ಎರಡು ಮೂರು ವಾರ ಮುಂಚೆ ಮುಚ್ಚಬೇಕು. ಮೊಟ್ಟೆಯೊಡೆದು ಮರಿ ಹೊರಬಂತೆಂದು ತೆರೆಯುವುದೂ ತಪ್ಪು. ಟಿಟ್ಟಿಭದ ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಗೂಡು ಬಿಟ್ಟು ಓಡಾಡುತ್ತದೆ, ಅಪಾಯ ಕಂಡರೆ ನೆಲಕ್ಕಂಟಿಕೊಂಡು ಅಲ್ಲಾಡದೆ ಕೂರುತ್ತದೆ, ಕೂತ ನೆಲ ಕಾಲುದಾರಿಯೇ ಆದರೂ ಸರಿ. ಅದು ಹಾರುವವರೆಗೆ ಕಾಯಲೇಬೇಕು.

ಅಡ್ಡಗಂಬವನ್ನು ದಾರಿ ಕವಲೊಡೆಯುವಲ್ಲೇ ನೆಡಬೇಕು. ಅರ್ಧ ದಾರಿ ನಡೆದು ಬಂದವರನ್ನು ತಡೆದರೆ ಅವರು ಹಿಂತಿರುಗುವುದಿಲ್ಲ, ಪಕ್ಕದಲ್ಲಿ ಬಳಸಿಕೊಂಡು ಹೋಗುತ್ತಾರೆ. ಫಲಕದ ಮೇಲೆ ‘ಪ್ರವೇಶವಿಲ್ಲ’ ಎಂದಷ್ಟೇ ಬರೆದರೆ ಸಾಲದು. ಏಕೆ ಮುಚ್ಚಿದೆ, ಯಾವ ತಾರೀಖಿನವರೆಗೆ, ಈಗ ತೆರೆದಿರುವ ದಾರಿ ಯಾವುದು, ಈ ಮೂರೂ ಇರಲಿ.

ಮುಚ್ಚಿದರೆ ಜನ ನುಸುಳುತ್ತಾರೆ ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಏಳುತ್ತದೆ. ಕಳ್ಳರಿದ್ದಾರೆಂದು ಮನೆಗೆ ಬಾಗಿಲೇ ಬೇಡ ಎಂದಂತಾಯಿತು ಇದು. ನಡೆಯುವವರಿಗೆ ವರ್ಷವಿಡೀ ಬೇರೆ ದಾರಿಗಳಿವೆ. ಹಕ್ಕಿಗೆ ಇರುವುದು ಈ ಕೆಲವು ತಿಂಗಳು. ಮತ್ತೆ ಹೇಳುತ್ತೇನೆ: ಒಂದು ಕಿಲೋಮೀಟರಿಗೆ 10 ಹೆಕ್ಟೇರ್.

ವಿರೋಧ: ಮೊದಲು ದಾರಿ ಸರಿಮಾಡಿ

ವಿರೋಧದ ಪಕ್ಷ ಹಿಡಿಯಲು ನನಗೆ ಹೇಳಿದ್ದಾರೆ. ಬೆಳ್ಳಕ್ಕಿಗಳು ಹಿಂಡಾಗಿ ಗೂಡು ಕಟ್ಟುವ ಮರಗಳ ಬುಡದಲ್ಲಿ, ಜೌಗಿನ ಅಂಚಿನಲ್ಲಿ ದಾರಿ ಮುಚ್ಚಿ ಎಂದರೆ ನನ್ನ ತಕರಾರಿಲ್ಲ. ಇಡೀ ಕಾಡಿಗೆ ಬೀಗ ಹಾಕುವುದನ್ನು ಮಾತ್ರ ಒಪ್ಪಲಾರೆ.

ತುಳಿಯದ ನೆಲವನ್ನು ಜನ ತುಳಿಯತೊಡಗಿದಾಗ ಹುಲ್ಲು, ಸಸಿ ಸಾಯುವುದು ಮೊದಮೊದಲ ಓಡಾಟದಲ್ಲೇ ಹೆಚ್ಚು. ಆಮೇಲೆ ಎಷ್ಟು ಜನ ನಡೆದರೂ ಹಾನಿ ಅದೇ ವೇಗದಲ್ಲಿ ಏರುವುದಿಲ್ಲ. ಹಾಗಾಗಿ ಎಲ್ಲರೂ ಒಂದೇ ದಾರಿ ಹಿಡಿಯುವುದು ಅದರ ಕಾಲು ಭಾಗದಷ್ಟು ಜನ ಹತ್ತು ಕಡೆ ಚೆದುರುವುದಕ್ಕಿಂತ ಎಷ್ಟೋ ಮೇಲು. ಮುಚ್ಚಿದ ದಾರಿಯ ಪಕ್ಕ ಹುಟ್ಟುವುದು ಈ ಹತ್ತು ಜಾಡುಗಳೇ.

ಜನ ದಾರಿ ಬಿಟ್ಟಿಳಿಯಲು ಬಹುಪಾಲು ಕಾರಣ ಕೆಸರು. ಗುಡ್ಡದ ನೆತ್ತಿಯಿಂದ ನೇರ ಕೆಳಕ್ಕೆ ಎಳೆದ ದಾರಿ ಮಳೆಯಲ್ಲಿ ಕಾಲುವೆಯಾಗುತ್ತದೆ, ಜನ ಅಂಚು ತುಳಿಯುತ್ತಾರೆ, 60 ಸೆಂಟಿಮೀಟರ್ ಇದ್ದದ್ದು 2 ಮೀಟರ್ ಆಗುತ್ತದೆ. ಗುಡ್ಡದ ಇಳಿಜಾರು ಶೇ 30 ಇದ್ದರೆ ದಾರಿಯ ಏರು ಅದರ ಅರ್ಧ, ಅಂದರೆ ಶೇ 15 ಮೀರಬಾರದು. ಒಟ್ಟು ದಾರಿಯ ಸರಾಸರಿ ಶೇ 10ರ ಒಳಗಿರಲಿ. ದಾರಿಯ ಮೈ ಇಳಿಜಾರಿನ ಕಡೆಗೆ ಶೇ 5ರಷ್ಟು ವಾಲಿರಬೇಕು. ನಡುನಡುವೆ ದಾರಿಯನ್ನು ಕೊಂಚ ತಗ್ಗಿಸಿ ಮತ್ತೆ ಏರಿಸಿದರೆ ನೀರು ಆ ತಗ್ಗಿನಲ್ಲೇ ಹೊರಬೀಳುತ್ತದೆ. ಅಡ್ಡಲಾಗಿ ಒಂದು ದಿಮ್ಮಿ ಹೂತರೆ ಸಾಕೆನ್ನುವವರಿದ್ದಾರೆ. ಹೂಳೆತ್ತದಿದ್ದರೆ ಅದರ ಹಿಂದೆ ಮಣ್ಣು ತುಂಬಿ ನೀರು ದಿಮ್ಮಿ ಹಾರಿ ಪುನಃ ದಾರಿಗೇ ಇಳಿಯುತ್ತದೆ.

ಈಗಾಗಲೇ ಬಿದ್ದಿರುವ ಕಳ್ಳಜಾಡುಗಳನ್ನು ಮುಚ್ಚಿ, ಅದಕ್ಕೆ ನಾನೂ ಸೈ. ಗಟ್ಟಿಯಾದ ಮಣ್ಣನ್ನು 10ರಿಂದ 15 ಸೆಂಟಿಮೀಟರ್ ಆಳಕ್ಕೆ ಸಡಿಲಿಸಿ, ಸುತ್ತಲಿನ ತರಗೆಲೆ ಹರಡಿ, ಎರಡೂ ತುದಿಗಳಲ್ಲಿ ಕಣ್ಣಿಗೆ ಕಾಣುವಷ್ಟು ದೂರ ಒಣಕೊಂಬೆ ಹಾಸಬೇಕು. ಒಂದೇ ತುದಿ ಮುಚ್ಚಿದರೆ ಇನ್ನೊಂದರಿಂದ ಬಂದವರು ಕೊಂಬೆ ಸರಿಸಿ ಹೊರಬರುತ್ತಾರೆ.

50 ಮೀಟರಿನ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಹಾಗೆ ಅಳೆಯುತ್ತ ಹೋದರೆ ಕಾಡಿನ ಕಾವಲುಗಾರನೂ ಒಳಗೆ ಕಾಲಿಡುವಂತಿಲ್ಲ. ಅದಕ್ಕಿಂತ ಮೊದಲು ನಾಯಿಗಳನ್ನು ಹೊರಗಿಡಿ. ಸಿಡ್ನಿ ಸಮೀಪದ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಗ್ಗ ಹಿಡಿದು ನಾಯಿ ನಡೆಸಿದ ದಾರಿಗಳಲ್ಲಿ ಹಕ್ಕಿಗಳ ಬಗೆ ಶೇ 35ರಷ್ಟು, ಸಂಖ್ಯೆ ಶೇ 41ರಷ್ಟು ಕುಸಿದಿತ್ತು. ನಾಯಿಯಿಲ್ಲದೆ ಜನ ನಡೆದಾಗಲೂ ತೊಂದರೆ ಕಂಡಿತು, ಆದರೆ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಗೇಟಿನಲ್ಲಿ ಒಬ್ಬರನ್ನು ನಿಲ್ಲಿಸಿದರೆ ಈ ನಿಯಮ ವರ್ಷಪೂರ್ತಿ ನಡೆಯುತ್ತದೆ, ದಾರಿಯೂ ತೆರೆದಿರುತ್ತದೆ.