ಘಟ ಮಾತ್ರ ಶುದ್ಧ ಸಸ್ಯಾಹಾರಿ

ಅದೇ ವಿಡಿಯೊ ಈ ವಾರ ನನಗೆ ಆರು ಜನ ಕಳಿಸಿದ್ದಾರೆ. ನಿಮಗೂ ಬಂದಿರುತ್ತೆ. ಜರಿ ಶಲ್ಯ ಹೊದ್ದ ಸಂಗೀತ ವಿದ್ವಾಂಸರು ಕೈ ಮುಗಿದು ಹೇಳುತ್ತಾರೆ: ಮಾಂಸ ತಿನ್ನುವವರಿಗೆ ನಾದ ಒಲಿಯಲ್ಲ, ಮೂಕಪ್ರಾಣಿಗಳ ಶಾಪ ತಟ್ಟುತ್ತೆ. ಕಣ್ಣಲ್ಲಿ ನೀರು ಬರುವಂಥ ಮಾತು. ಅವರ ಬೆನ್ನ ಹಿಂದೆ ಕಸೂತಿ ಗವಸು ತೊಟ್ಟ ಮೃದಂಗ ಮಲಗಿದೆ. ಅದು ಮಾತ್ರ ಸುಮ್ನಿದೆ. ಏನಾದರೂ ಹೇಳೋಣ ಅಂದರೆ ಎರಡೂ ಬಾಯಿಗೆ ಚರ್ಮ ಬಿಗಿದಿದ್ದಾರೆ.

ಬೀಟಲ್ಸ್ ತಂಡದ ಹಾಡುಗಾರ ಪಾಲ್ ಮೆಕಾರ್ಟ್ನಿ ಪಾಪ ಕಷ್ಟಪಟ್ಟು ಸಸ್ಯಾಹಾರಿ ಆದವರು. 1975ರ ಸುಮಾರಿಗೆ ಸ್ಕಾಟ್ಲೆಂಡಿನ ತೋಟದ ಮನೆಯಲ್ಲಿ ಗಂಡ ಹೆಂಡತಿ ಕುರಿಮರಿ ಮಾಂಸದ ಊಟಕ್ಕೆ ಕೂತಿದ್ದರು. ಕಿಟಕಿಯಾಚೆ ನೋಡಿದರೆ ಮರಿಗಳು ಜಿಗಿದಾಡುತ್ತಿವೆ. ಅಲ್ಲಿಗೆ ಬಾಡೂಟ ಮುಗಿಯಿತು. ನಮ್ಮ ವಿದ್ವಾಂಸರಿಗೆ ಇಂಥ ಫಜೀತಿ ಇಲ್ಲ. ಅವರು ಸಸ್ಯಾಹಾರವನ್ನು ಅಪ್ಪಿಕೊಳ್ಳಬೇಕಿಲ್ಲ. ತೊಟ್ಟಿಲಲ್ಲೇ ಅದು ಅವರನ್ನು ಅಪ್ಪಿಕೊಂಡಿರುತ್ತದೆ. ಕಿಟಕಿ ಮುಚ್ಚಿಕೊಂಡಿದ್ದರೆ ಸಾಕು.

ಬಿಸ್ಕತ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದಲ್ಲ, ಅದನ್ನು ವಾದ್ಯಗಳಿಗೂ ಅಂಟಿಸೋಣ ಅಂತ ಕೂತೆ. ಪಿಟೀಲಿನ ಕಮಾನಿಗೆ ಕುದುರೆ ಬಾಲ. ಹೋಯಿತು. ನಾದಸ್ವರದ ಜೊತೆ ಬಡಿಯುವ ತವಿಲ್ ಬಿಡಿ, ಅದು ಮೃದಂಗದ ಅಣ್ಣ. ಅಂಗೈ ಅಗಲದ ಖಂಜಿರಕ್ಕೆ ಹಿಂದಿನಿಂದಲೂ ಉಡದ ಚರ್ಮ. ಉಡವೋ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಹಳೇ ಖಂಜಿರದ ಸುದ್ದಿ ಎತ್ತಿದರೆ ಎಲ್ಲರೂ ತಾಳ ಎಣಿಸತೊಡಗುತ್ತಾರೆ. ಕೊಳಲಿಗೆ ಬಿದಿರು, ಹಲ್ಲಿಗೆ ಒತ್ತಿ ಮೀಟುವ ಮೋರ್ಸಿಂಗಿಗೆ ಕಬ್ಬಿಣ, ಘಟಕ್ಕೆ ಮಣ್ಣು. ಪಾಸು. ಆದರೆ ಮಡಿಗೆ ಇಲ್ಲಿ ಮರ್ಯಾದೆ ಎಲ್ಲಿದೆ? ಕಛೇರಿಯಲ್ಲಿ ಲಯವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಘಟಕ್ಕೆ ಸರದಿ ಬರುವುದು ಮೃದಂಗದ ಹಸುವಿನ ಚರ್ಮ ಮಾತು ಮುಗಿಸಿದ ಮೇಲೆ. ಇನ್ನು ವೇದಿಕೆ ಮೇಲಿನ ರೇಷ್ಮೆ ಸೀರೆ, ರೇಷ್ಮೆ ಪಂಚೆ. ಬಿಸಿನೀರಲ್ಲಿ ಬೆಂದ ಹುಳಕ್ಕೆ ಇವತ್ತಿನವರೆಗೆ ಯಾರೂ ಶಾಲು ಹೊದಿಸಿಲ್ಲ.

ಪ್ರಾಣಿಗಳಿಗಾಗಿ ನಿಜಕ್ಕೂ ದುಡಿದವರು ಇಲ್ಲವೆಂದಲ್ಲ. ಚೆನ್ನೈನಲ್ಲಿ ಕಲಾಕ್ಷೇತ್ರ ಎಂಬ ನೃತ್ಯ ಸಂಗೀತ ಶಾಲೆ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಕೂತದ್ದರಿಂದಲೇ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯ್ದೆ ಬಂತು. 1962ರಲ್ಲಿ ಶುರುವಾದ ಪ್ರಾಣಿ ಕಲ್ಯಾಣ ಮಂಡಳಿಗೂ ಅವರೇ ಮೊದಲ ಅಧ್ಯಕ್ಷೆ. ದೊಡ್ಡ ಜೀವ. ಅದೇ ಕಲಾಕ್ಷೇತ್ರ 2020ರಲ್ಲಿ ಮಾಡಿದ್ದು ನೆನಪಿದೆ ಅಲ್ವಾ? ಗಾಯಕ ಟಿ.ಎಂ. ಕೃಷ್ಣ ಮೃದಂಗ ಮಾಡುವವರ ಬಗ್ಗೆ ಪುಸ್ತಕ ಬರೆದರು. ಬಿಡುಗಡೆಗೆ ಸಭಾಂಗಣ ಕೊಡುತ್ತೇವೆ ಎಂದಿದ್ದವರು, ಪುಸ್ತಕದ ಒಂದು ತುಣುಕು ಪತ್ರಿಕೆಯಲ್ಲಿ ಬಂದದ್ದೇ ತಡ, ಆಗಲ್ಲ ಎಂದುಬಿಟ್ಟರು. ಎಂಥ ಸೂಕ್ಷ್ಮ ಮನಸ್ಸು! ಹಸುವಿನ ಚರ್ಮ ದಿನಾ ಆ ಗೇಟಿನೊಳಗೆ ಹೋಗಬಹುದು. ಹಸುವಿನ ಚರ್ಮ ಎಂಬ ಮಾತು ಹೋಗುವಂತಿಲ್ಲ.

ನಗು ಇಲ್ಲಿಗೆ ಸಾಕಾಯಿತು. ಮೃದಂಗದ ದಿಗ್ಗಜ ಪಾಲ್ಘಾಟ್ ಮಣಿ ಅಯ್ಯರ್ ಹೆಸರು ಹೇಳಿದರೆ ಕಿವಿ ಮುಟ್ಟಿಕೊಳ್ಳುವವರಿದ್ದಾರೆ. ಅವರಿಗೆ ಮೃದಂಗ ಮಾಡಿಕೊಟ್ಟ ಪರ್ಲಾಂದು ಯಾರು ಅಂತ ಕೇಳಿ. ತೊಗಲು ತಂದು, ನೆನೆಸಿ, ಹೆರೆದವರು ಹೆಚ್ಚಾಗಿ ದಲಿತರು, ದಲಿತ ಕ್ರೈಸ್ತರು. ಕೊಲೆಯ ಪಾಪ ಅವರಿಗೆ, ನಾದದ ಪುಣ್ಯ ಇವರಿಗೆ. ಇದನ್ನು ಪ್ರಾಣಿದಯೆ ಅಂತ ಕರೆಯಬೇಡಿ ಸ್ವಾಮಿ. ಅಷ್ಟು ಮರುಕ ಇದ್ದರೆ ನಮ್ಮ ಬೆಂಗಳೂರಿನ ಕೆ. ವರದರಂಗನ್ ಚರ್ಮವೇ ಇಲ್ಲದ ಫೈಬರ್ ಮೃದಂಗ ಮಾಡಿದ್ದಾರೆ, ತಗೊಳ್ಳಿ. ಬೇಡವಂತೆ. ಅದರಲ್ಲಿ ಜೀವ ಇಲ್ಲವಂತೆ.

ಮೃದಂಗದ ಬಾಯಿಗೆ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಹಾಕುವ ಅಂಗಡಿಯೊಂದಕ್ಕೆ ಗೆಳೆಯನ ಜೊತೆ ಒಮ್ಮೆ ಹೋಗಿದ್ದೆ. ಒಬ್ಬರೇ ಕೂತು ಬಲ ಮುಚ್ಚಿಗೆಗೆ ಕರಣೆ ಹಾಕುತ್ತಿದ್ದರು. ಚಿಟಿಕೆಯಷ್ಟು ಕಪ್ಪು ಹಿಟ್ಟು ಮೆತ್ತುವುದು, ನುಣುಪು ಕಲ್ಲಿನಿಂದ ಉಜ್ಜುವುದು, ಮತ್ತೆ ಮೆತ್ತುವುದು. ಹೆಬ್ಬೆರಳಿನ ಉಗುರು ಅರ್ಧ ಸವೆದಿತ್ತು. ನಮ್ಮ ರಾಜ್ಯದಲ್ಲಿ ಹಸು ಕಡಿದರೆ 3ರಿಂದ 7 ವರ್ಷ ಜೈಲು, ಮತ್ತೆ ಈ ಚರ್ಮ ಎಲ್ಲಿಂದ ಬರುತ್ತೆ ಅಂದೆ. ಅವರು ತಲೆ ಎತ್ತಲಿಲ್ಲ. "ತಾನಾಗೇ ಸತ್ತಿದ್ದು ಅಂತ ಹೇಳಿ ಅಂದಿದ್ದಾರೆ ಸಾರ್."

ಅಷ್ಟರಲ್ಲಿ ಹೊರಗೆ ಹಾರನ್. ವಿದ್ವಾಂಸರು ಕಾರಿನಿಂದ ಇಳಿಯಲಿಲ್ಲ. ಒಳಗೆ ವಾಸನೆಯಂತೆ. ಕಿಟಕಿಯ ಗಾಜು ನಾಲ್ಕು ಬೆರಳು ಇಳಿಯಿತು, ನೋಟು ಹೊರಗೆ ಬಂತು, ಗಾಜು ಏರಿತು. ಅಂಗಡಿಯ ಹುಡುಗ ಮೃದಂಗವನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಅದು ದಿಂಬಿಗೆ ಒರಗಿಕೊಂಡು ಎಸಿಯಲ್ಲಿ ಹೋಯಿತು.