ಲಕ್ಷ್ಮಿಗೂ ಲೆಕ್ಷ್ಮಿಗೂ ನಡುವೆ ನಿಂತ ದುಡ್ಡು

ಕಳೆದ ಭಾನುವಾರ ಸಂಜೆ ಕಾಸರಗೋಡು ಜಿಲ್ಲೆಯ ಉಪ್ಪಳದ ಒಂದು ಮೊಬೈಲ್ ರೀಚಾರ್ಜ್ ಅಂಗಡಿಯ ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಒಳಗೆ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಬಂಗಾಳದ ಹುಡುಗನೊಬ್ಬ ನಿಂತಿದ್ದ. ಮಿಂದು ಬಂದಿದ್ದರೂ ಉಗುರಿನ ಸಂದಿಯ ಕೆಂಪು ಹೋಗಿರಲಿಲ್ಲ. ಊರಿಗೆ ಕಳಿಸಲು ಹನ್ನೆರಡು ಐನೂರರ ನೋಟುಗಳನ್ನು ಎರಡು ಸಲ ಎಣಿಸಿ ಮೇಜಿನ ಮೇಲಿಟ್ಟ. ಆಮೇಲೆ ಬೇರೆ ಜೇಬಿನಿಂದ ಶುಲ್ಕದ 60 ರೂಪಾಯಿ ತೆಗೆದ. ಅಂಗಡಿಯಾತ ಖಾತೆ ಸಂಖ್ಯೆಯನ್ನು ಗಟ್ಟಿಯಾಗಿ ಓದಿದ, ಹುಡುಗ ಒಂದೊಂದು ಅಂಕಿಗೂ ತಲೆಯಾಡಿಸಿದ, ಒಟಿಪಿ ಹೇಳಿದ. ಕೂಡಲೇ ಊರಿಗೆ ಫೋನು. ಆಚೆಯಿಂದ ಹೆಣ್ಣುದನಿ ಏನೋ ಹೇಳಿತು, ಇವನ ಹೆಗಲು ಸಡಿಲಾಯಿತು.

ನನ್ನ ಪಕ್ಕದಲ್ಲಿ ನಿಂತಿದ್ದ ಹಳೆಯ ವಿದ್ಯಾರ್ಥಿ ನಕ್ಕ. "ನೋಡಿ ಟೀಚರೇ, ಈ ಕಾಲದಲ್ಲೂ 60 ರೂಪಾಯಿ ದಂಡ ಕಟ್ಟುತ್ತಾರೆ. ಗೂಗಲ್ ಪೇ ಮಾಡಿದ್ದರೆ ಒಂದು ಪೈಸೆ ಖರ್ಚಿಲ್ಲ." ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಬಸ್ಸು ಬಂತು. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಇದನ್ನು ಓದುತ್ತಾನೆ, ಗೊತ್ತು.

ಯುಪಿಐ ಹೋಗುವುದು ಖಾತೆಯಿಂದ ಖಾತೆಗೆ. ಹುಡುಗನ ಕೈಯಲ್ಲಿದ್ದದ್ದು ನೋಟು. ಅದನ್ನು ಖಾತೆಗೆ ಹಾಕುವವರು ಯಾರು? ಬ್ಯಾಂಕ್ ತೆರೆದಿರುವ ಹೊತ್ತಿನಲ್ಲಿ ಅವನು ಕೋರೆಯಲ್ಲಿರುತ್ತಾನೆ. ಸಾಲಿನಲ್ಲಿ ನಿಲ್ಲಲು ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ಆ ಕೂಲಿಯ ಮುಂದೆ 60 ರೂಪಾಯಿ ಯಾವ ಲೆಕ್ಕ? ಅವನು ನಮಗಿಂತ ಚೆನ್ನಾಗಿ ಗಣಿತ ಮಾಡಿದ್ದಾನೆ. ಕೂಲಿಯನ್ನು ಖಾತೆಗೇ ಹಾಕಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಧಣಿಗಳು ಯಾಕೆ ಹಾಕುವುದಿಲ್ಲ ಎಂದು ನನ್ನ ಬಾಯಿಂದ ಹೇಳಿಸಬೇಡಿ.

ಇನ್ನು, ನೂರಕ್ಕೆ ಒಂದು ರೂಪಾಯಿ ದುಬಾರಿ ಎನ್ನುವವರು ಮನಿಆರ್ಡರಿನ ದರ ಮರೆತಿದ್ದಾರೆ. 20 ರೂಪಾಯಿಗೆ 1 ರೂಪಾಯಿ, ಅಂದರೆ ನೂರಕ್ಕೆ ಐದು. ತೊಂಬತ್ತರ ದಶಕದಲ್ಲಿ ನಮ್ಮ ಮಾವ ಬೊಂಬಾಯಿಯ ಹೋಟೆಲಿನಿಂದ ಅಜ್ಜಿಗೆ ಕಳಿಸುತ್ತಿದ್ದದ್ದು ಹಾಗೆಯೇ. ಅಂಚೆಯಣ್ಣ ಅಂಗಳಕ್ಕೆ ಬಂದು ಶಾಯಿ ತಾಗಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟು ಎಣಿಸಿ ಕೊಟ್ಟು, ಫಾರ್ಮಿನ ತುದಿಯ ಚೀಟಿಯನ್ನು ಹರಿದು ಕೊಡುತ್ತಿದ್ದ. ಅದರಲ್ಲಿ ಮಾವನ ಎರಡು ಸಾಲು ಇರುತ್ತಿತ್ತು: "ನಾನು ಕ್ಷೇಮ. ದನ ಕರು ಹಾಕಿತೇ?" ಅಜ್ಜಿ ಆ ಚೀಟಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ದುಬಾರಿ ಎಂದು ಆಗ ಯಾರೂ ಅಂದದ್ದಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೇ.

ನನಗೆ ನಿಜವಾಗಿ ಸಿಟ್ಟು ಬರುವುದು ಕೊಲ್ಲಿಯಿಂದ ಬರುವ ದುಡ್ಡಿನ ವಿಷಯದಲ್ಲಿ. ನಮ್ಮ ಜಿಲ್ಲೆಯಲ್ಲಿ ದಿರ್ಹಮಿನ ದರ ತಿಳಿಯದ ಮನೆ ಕಡಿಮೆ. ಡಾಲರಿಗೆ 3.6725 ಎಂದು ದಿರ್ಹಮನ್ನು 1997ರಿಂದ ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರಿನ ಎದುರು ರೂಪಾಯಿ ಬಿದ್ದರೆ ನಮ್ಮಲ್ಲಿ ಪಕ್ಕದ ಮನೆಯವರು ಮುಗುಳ್ನಗುತ್ತಾರೆ. ಆದರೆ ಅಲ್ಲಿನ ಎಕ್ಸ್‌ಚೇಂಜಿನ ಕೌಂಟರಿನಲ್ಲಿ ಕೊಡುವ ದರ ಮೊಬೈಲಿನಲ್ಲಿ ಕಾಣುವ ದರಕ್ಕಿಂತ ಸಾಮಾನ್ಯವಾಗಿ ತುಸು ಕೆಳಗಿರುತ್ತದೆ. ದಿರ್ಹಮಿಗೆ 30 ಪೈಸೆ ಕಡಿಮೆ ಎಂದುಕೊಳ್ಳಿ, 2,000 ದಿರ್ಹಮಿಗೆ 600 ರೂಪಾಯಿ ಹೋಯಿತು. ರಸೀದಿಯಲ್ಲಿ ಅದು ಶುಲ್ಕ ಎಂದು ಕಾಣಿಸುವುದಿಲ್ಲ. "ಶುಲ್ಕವಿಲ್ಲ" ಎಂಬ ಬೋರ್ಡು ದೊಡ್ಡದಾದಷ್ಟೂ ನನಗೆ ಅನುಮಾನ ಹೆಚ್ಚು. ಶಾರ್ಜಾದಲ್ಲಿರುವ ತಮ್ಮನಿಗೆ ನಾನು ಹೇಳಿಕೊಟ್ಟದ್ದು ಒಂದೇ ಪ್ರಶ್ನೆ: "ಎಲ್ಲ ಸೇರಿ ನಾನು ಇಷ್ಟು ದಿರ್ಹಮ್ ಕೊಟ್ಟರೆ ಅಮ್ಮನ ಕೈಗೆ ಎಷ್ಟು ರೂಪಾಯಿ ಸೇರುತ್ತದೆ?" ಮೂರು ಕಡೆ ಇದನ್ನೇ ಕೇಳಿದರೆ ಮೂರು ಉತ್ತರ ಬರುತ್ತದೆ. ಅಲ್ಲಿಗೆ ಯಾರ ಶುಲ್ಕ ಎಲ್ಲಿ ಅಡಗಿದೆ ಎಂದು ಹುಡುಕುವ ಕೆಲಸವೇ ಇಲ್ಲ.

ಮೊದಲು ಅವನು ಕಳಿಸುತ್ತಿದ್ದದ್ದು ನಗದು ಕೈಗೆ ಸಿಗುವ ಸೇವೆಯಲ್ಲಿ. ಅಲ್ಲಿ ಕಟ್ಟುವುದು, ಒಂದು ಗುಟ್ಟಿನ ಸಂಖ್ಯೆಯನ್ನು ಫೋನಿನಲ್ಲಿ ಹೇಳುವುದು, ಇಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯುವುದು. 2001ರಲ್ಲಿ ಅಂಚೆ ಇಲಾಖೆಯೂ ವೆಸ್ಟರ್ನ್ ಯೂನಿಯನ್ ಜೊತೆ ಸೇರಿದ ಮೇಲೆ ಅಂಚೆ ಕಚೇರಿಗಳಲ್ಲೂ ಇದು ಸಿಗತೊಡಗಿತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಈ ದಾರಿಯಲ್ಲಿ ಒಂದು ಸಲಕ್ಕೆ 2,500 ಡಾಲರ್, ಒಬ್ಬರಿಗೆ ವರ್ಷಕ್ಕೆ 30 ಸಲ, ನೋಟಿನಲ್ಲಿ 50,000 ರೂಪಾಯಿವರೆಗೆ. ನಮ್ಮ ಮನೆಗೆ ಧಾರಾಳ ಸಾಕು. ಸಾಕಾಗದೆ ಹೋದದ್ದು ಅಮ್ಮನ ಹೆಸರು.

ಅಮ್ಮನ ಹೆಸರು ಲಕ್ಷ್ಮಿ. ಪಾಸ್‌ಬುಕ್ಕಿನ ಇಂಗ್ಲಿಷಿನಲ್ಲಿ ಎಲ್ ಆದ ಮೇಲೆ ಎ ಇದೆ. ಪಡಿತರ ಚೀಟಿ ಬರೆದ ಗುಮಾಸ್ತರು ಕೇರಳದ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು. ಅಲ್ಲಿನ ರೂಢಿಯಂತೆ ಅದನ್ನು ಇ ಮಾಡಿ 'ಲೆಕ್ಷ್ಮಿ' ಎಂದು ಬರೆದರು. ಅದನ್ನು ನೋಡಿ ಆಧಾರ್ ಆಯಿತು, ಆಧಾರ್ ನೋಡಿ ಮಿಕ್ಕದ್ದೆಲ್ಲ ಆಯಿತು. ಕನ್ನಡದಲ್ಲಿ ಹುಟ್ಟಿ, ಮಲಯಾಳದಲ್ಲಿ ದಾಖಲಾಗಿ, ಇಂಗ್ಲಿಷಿನಲ್ಲಿ ಅಚ್ಚಾಗುವ ಹೆಸರುಗಳ ಪಾಡು ಗಡಿಯಲ್ಲಿರುವವರಿಗೆ ಹೊಸತಲ್ಲ. ತಮ್ಮ ಎ ಹಾಕಿ ಕಳಿಸಿದ. ಪೇಟೆಯ ಕೌಂಟರಿನಲ್ಲಿದ್ದ ಹುಡುಗಿ ಇ ನೋಡಿ ಆಗುವುದಿಲ್ಲ ಎಂದಳು. ತಮ್ಮ ಅಲ್ಲಿ ಮತ್ತೆ ಸಾಲಿನಲ್ಲಿ ನಿಂತು ತಿದ್ದಿಸಬೇಕಂತೆ. ಅಪ್ಪನ ಔಷಧಿಯ ದುಡ್ಡು ಅದು. ಪೆರ್ಲದಿಂದ ಬಸ್ಸಿನಲ್ಲಿ ಹೋದ ಅಮ್ಮ ಆ ಗಾಜಿನ ಮುಂದೆ ನಿಂತು, "ಮಗಾ, ನಾನೇ ಲಕ್ಷ್ಮಿ" ಎಂದದ್ದು ನೆನಪಾದರೆ ಈಗಲೂ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ತಮಾಷೆ ಕೇಳಿ. ಅದೇ ಕಾಲದಲ್ಲಿ ಆನ್‌ಲೈನ್ ನೆಫ್ಟ್ (ಖಾತೆಯಿಂದ ಖಾತೆಗೆ ಬ್ಯಾಂಕ್ ವರ್ಗಾವಣೆ) ಮಾಡಿದರೆ ಹೆಸರನ್ನು ಯಾರೂ ನೋಡುತ್ತಲೇ ಇರಲಿಲ್ಲ, ಖಾತೆ ಸಂಖ್ಯೆ ಸರಿಯಿದ್ದರೆ ಆಯಿತು. ಒಂದು ಅಂಕಿ ತಪ್ಪಿದರೆ ದುಡ್ಡು ಯಾರದೋ ಪಾಲು. ಕಳಿಸುವ ಮೊದಲು ಪಡೆಯುವವರ ಹೆಸರನ್ನು ತೋರಿಸಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಗಡುವು ಕೊಟ್ಟದ್ದು 2025ರ ಏಪ್ರಿಲ್ 1ಕ್ಕೆ. ಒಂದು ಕಡೆ ಅಕ್ಷರ ತಪ್ಪಿದ್ದಕ್ಕೆ ಹೆತ್ತ ತಾಯಿಗೂ ಕೊಡುವುದಿಲ್ಲ, ಇನ್ನೊಂದು ಕಡೆ ಹೆಸರು ಯಾರದ್ದಾದರೂ ಸರಿ!

ಇಂಥ ಹೊತ್ತಿನಲ್ಲೇ ಬ್ಯಾಂಕಿನ ಹೊರಗೆ ಗುಟ್ಟಾಗಿ ದುಡ್ಡು ತಲುಪಿಸುವ ಕುಳಲ್‌ಪಣದವರು ಹತ್ತಿರದವರಾಗುತ್ತಾರೆ. ಹವಾಲಾ ಎಂದು ಪತ್ರಿಕೆಯಲ್ಲಿ ಓದಿ ಹೌಹಾರುವವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಚೀಟಿ ಕೇಳುವುದಿಲ್ಲ, ಎ-ಇ ನೋಡುವುದಿಲ್ಲ, ದರ ಹೆಚ್ಚು, ಸ್ಕೂಟರಿನಲ್ಲಿ ಅಂಗಳಕ್ಕೇ ಬರುತ್ತದೆ. ನಮ್ಮ ತಮ್ಮನಿಗೂ ಯಾರೋ ಹೇಳಿದ್ದರು. ನಾನು ಬೇಡ ಎಂದೆ. ವಿದೇಶಿ ವಿನಿಮಯ ಕಾಯಿದೆಯ ಉಲ್ಲಂಘನೆ ಎನ್ನುವುದು ಒಂದು. ಇನ್ನೊಂದು, ಅವನು ಹತ್ತು ವರ್ಷ ಬಿಸಿಲಲ್ಲಿ ದುಡಿದದ್ದಕ್ಕೆ ಕಾಗದದಲ್ಲಿ ಸಾಕ್ಷಿಯೇ ಇರುವುದಿಲ್ಲ. ನಾಳೆ ಐದು ಸೆಂಟ್ಸ್ ಜಾಗ ತೆಗೆದುಕೊಂಡರೆ ದುಡ್ಡು ಎಲ್ಲಿಂದ ಬಂತು ಎಂದು ಕೇಳುತ್ತಾರೆ. "ಸ್ಕೂಟರಿನಲ್ಲಿ ಬಂತು" ಎನ್ನಲಾದೀತೇ? ಸ್ಕೂಟರಿನವನು ದಾರಿಯಲ್ಲಿ ಸಿಕ್ಕಿಬಿದ್ದರೆ ದೂರು ಕೊಡಲೂ ಆಗುವುದಿಲ್ಲ.

ಈಗ ಅವನು ಆ್ಯಪ್ ಮೂಲಕ ಅಮ್ಮನ ಖಾತೆಗೇ ಹಾಕುತ್ತಾನೆ. ಇದು ನುಣ್ಣನೆಯ ದಾರಿ ಎಂದು ತಿಳಿಯಬೇಡಿ. ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಎಂದು ನಾವು ನಮ್ಮದೆಂದುಕೊಂಡಿದ್ದ ಕರಾವಳಿಯ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆಯವುಗಳಲ್ಲಿ ಸೇರಿಹೋದ ಮೇಲೆ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಸಂಖ್ಯೆಗಳೂ ಬದಲಾದವು. ತಮ್ಮ ಹಳೆಯದನ್ನೇ ಇಟ್ಟುಕೊಂಡಿದ್ದ. ದುಡ್ಡು ಹೋದಂತೆ ಹೋಗಿ ವಾರ ಕಳೆದು ಅವನಿಗೇ ಮರಳಿತು.

ಖಾತೆಗೆ ಬಿದ್ದ ಮೇಲೆ ತೆಗೆಯುವುದು ಇನ್ನೊಂದು ಕಥೆ. ಬೆರಳಚ್ಚು ಒತ್ತಿ ಮನೆಯಲ್ಲೇ ನಗದು ಪಡೆಯುವ ವ್ಯವಸ್ಥೆ ಒಳ್ಳೆಯದು, ಒಂದು ಸಲಕ್ಕೆ 10,000ದವರೆಗೆ ಸಿಗುತ್ತದೆ. ಆದರೆ ಐವತ್ತು ವರ್ಷ ಅಡಿಕೆ ಸುಲಿದ ಅಮ್ಮನ ಹೆಬ್ಬೆರಳಿನಲ್ಲಿ ಗೆರೆ ಎಲ್ಲಿದೆ? ಸೆರಗಿನಿಂದ ಒರೆಸಿ ಒತ್ತಿದರು, ತೆಂಗಿನೆಣ್ಣೆ ಸವರಿ ಒತ್ತಿದರು, ಯಂತ್ರ ಒಪ್ಪಲಿಲ್ಲ. ಕೊನೆಗೆ ಎಡಗೈಯ ಉಂಗುರ ಬೆರಳು ಒಪ್ಪಿತು. ಈಗ ಆ ಬೆರಳಿಗೆ ಮನೆಯಲ್ಲಿ 'ಬ್ಯಾಂಕ್ ಬೆರಳು' ಎಂದೇ ಹೆಸರು. ಅದರಿಂದ ಅಡಿಕೆ ಮುಟ್ಟಬೇಡಿ ಎಂದು ಮೊಮ್ಮಕ್ಕಳು ಕಾವಲು.

ಆದ್ದರಿಂದ, ಪ್ರಿಯ ಶಿಷ್ಯ, ನೀನು ಗೂಗಲ್ ಪೇ ಮಾಡು, ನಾನೂ ಮಾಡುತ್ತೇನೆ, ಮೀನಿನವನಿಗೂ ಅದರಲ್ಲೇ ಕೊಡುತ್ತೇನೆ. ಆದರೆ ನೋಟು ಹಿಡಿದು ಅಂಗಡಿಯ ಮುಂದೆ ನಿಂತವನನ್ನು ನೋಡಿ ನಗಬೇಡ. 2024ರ ನವೆಂಬರಿನಿಂದ ಹಾಗೆ ನಗದು ಕಟ್ಟಿ ಕಳಿಸುವವರ ಗುರುತಿನ ದಾಖಲೆಯನ್ನೂ ಬಿಗಿಯಾಗಿ ಪರಿಶೀಲಿಸುತ್ತಾರೆ. ಅವನ ಹೆಸರಿನಲ್ಲೂ ಎಲ್ಲೋ ಒಂದು ಎ ಇ ಆಗಿದ್ದರೆ ಆ ಭಾನುವಾರ ಊರಿಗೆ ಫೋನು ಹೋಗುತ್ತಿತ್ತೋ ಇಲ್ಲವೋ.

ಅಮ್ಮನ ಹೆಸರು ತಿದ್ದಿಸಲು ಬರುವ ಮಂಗಳವಾರ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೊರಟಿದ್ದೇವೆ, ಇದು ಮೂರನೆಯ ಸಲ. ಬದಿಯಡ್ಕದಲ್ಲಿ ಜನ ಕಡಿಮೆಯೋ ಕುಂಬಳೆಯಲ್ಲೋ, ಗೊತ್ತಿರುವವರು ಕೆಳಗೆ ತಿಳಿಸಿ. ಅಮ್ಮನಿಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ.